"ಸರಿಬೀಳುವ ಸಹಕಾರಿ": ಇಲ್ಲಿ ಸರಿಬೀಳು ಅಂದ್ರೆ ಯಾವ ಅರ್ಥ?

ಎಲ್ರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಡಿಟಿಪಿ ಅಂಗಡಿ ಇಟ್ಕೊಂಡಿರೋನು. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಬಿಲ್ ಬುಕ್ಕು, ಫ್ಲೆಕ್ಸು ಎಲ್ಲಾ ಮಾಡ್ತೀವಿ. ಇಪ್ಪತ್ತು ವರ್ಷದಿಂದ ಜನ ಬರ್ಕೊಂಡು ಬರೋ ಮ್ಯಾಟರಿನ ಕನ್ನಡ ತಿದ್ದಿ ತಿದ್ದಿ ಒಂದು ಚಟ ಬಂದ್ಬಿಟ್ಟಿದೆ, ಕೇಳ್ದೇನೇ ತಿದ್ತೀನಿ. ಆ ಚಟದಿಂದ ಆದ ಒಂದು ಎಡವಟ್ಟಿನಿಂದ ಈ ಪ್ರಶ್ನೆ ಹುಟ್ಟಿದ್ದು, ಸ್ವಲ್ಪ ಉದ್ದ ಇದೆ, ಸಹಿಸ್ಕೊಳಿ.

ಹೋದ ತಿಂಗಳು ಒಬ್ಬ ರಿಟೈರ್ಡ್ ಮೇಷ್ಟ್ರು ಮಗಳ ಮದುವೆ ಕಾರ್ಡು ಮಾಡಿಸೋಕೆ ಬಂದ್ರು. ಕ್ರೈಸ್ತರು. ಕ್ರೈಸ್ತರ ಕಾರ್ಡು ನಂಗೆ ಹೊಸದಲ್ಲ, "ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು" ಅನ್ನೋದು ಎಷ್ಟು ಸಲ ಟೈಪ್ ಮಾಡಿದೀನೋ ಲೆಕ್ಕ ಇಲ್ಲ, ಅದಕ್ಕೆ ಫೈಲೇ ಸೇವ್ ಆಗಿದೆ. ಮುಹೂರ್ತ ಅಂತ ಹಾಕಲ್ಲ, ಬರೀ ಟೈಮ್ ಹಾಕ್ತಾರೆ, ಅದೂ ಸಾಮಾನ್ಯವಾಗಿ ಹಗಲು ಹೊತ್ತೇ, 1872ರ ಕ್ರೈಸ್ತ ವಿವಾಹ ಕಾಯ್ದೇಲೇ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಆಗ್ಬೇಕು ಅಂತ ಇದೆ, ಅದು ಬೇರೆ ವಿಷಯ. ಈ ಮೇಷ್ಟ್ರು ತಂದ ವಾಕ್ಯ ಮಾತ್ರ ಬೇರೆ ಇತ್ತು, ಸತ್ಯವೇದದ (ಕನ್ನಡ ಬೈಬಲ್ಲಿನ) ಆದಿಕಾಂಡ 2:18: ಮನುಷ್ಯ ಒಂಟಿಯಾಗಿರೋದು ಒಳ್ಳೇದಲ್ಲ, "ಅವನಿಗೆ ಸರಿಬೀಳುವ ಸಹಕಾರಿಯನ್ನು ಉಂಟುಮಾಡುವೆನು".

ನಾನು ಓದಿದ ತಕ್ಷಣ ಅನ್ಕೊಂಡೆ, ಇದೇನೋ ತಪ್ಪಾಗಿದೆ ಅಂತ. ಸಹಕಾರಿ ಅಂದ್ರೆ ನಮ್ಮ ಕೋಲಾರದಲ್ಲಿ ಯಾರಿಗಾದ್ರೂ ಮೊದಲು ನೆನಪಾಗೋದು ಹಾಲಿನ ಡೈರಿ. ಬೆಳಿಗ್ಗೆ ಕ್ಯಾನ್ ಹಿಡ್ಕೊಂಡು ಹೋಗ್ತೀವಲ್ಲ, ಬೋರ್ಡಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಅಂತಿರುತ್ತಲ್ಲ, ಅದು. ಮದುವೆ ಕಾರ್ಡಲ್ಲಿ ಸಹಕಾರಿ ಬಂದ್ರೆ ಹೆಂಗೆ? ಸರಿಬೀಳುವ ಅನ್ನೋದಂತೂ ಇನ್ನೂ ವಿಚಿತ್ರ ಅನ್ನಿಸ್ತು. ಒಂದು ನಿಮಿಷ ಯೋಚನೆ ಮಾಡಿ "ಅವನಿಗೆ ಸರಿಹೊಂದುವ ಸಹಧರ್ಮಿಣಿಯನ್ನು" ಅಂತ ಮಾಡಿ ಪ್ರೂಫ್ ಕಳಿಸ್ದೆ. ಒಳ್ಳೇ ಕೆಲಸ ಮಾಡ್ದೆ ಅಂತಾನೇ ಇದ್ದೆ.

ಸಾಯಂಕಾಲ ಮೇಷ್ಟ್ರು ಬಂದ್ರು. ಕೋಪ ಇಲ್ಲ, ನಗ್ತಾನೇ ಇದ್ರು. "ಏನಪ್ಪಾ, ಸತ್ಯವೇದಾನೇ ತಿದ್ದಿಬಿಟ್ಟಿದೀಯಲ್ಲ" ಅಂದ್ರು. ನಾನು ಸಾರ್ ಅದು ಕನ್ನಡ ಸರಿ ಇರ್ಲಿಲ್ಲ ಅಂದೆ. ಅದಕ್ಕೆ ಅವರು ಕೇಳಿದ್ದು ಇಷ್ಟೇ: "ಸರಿಬೀಳೋದು ಅಂದ್ರೆ ನಿಂಗೆ ಗೊತ್ತಿಲ್ವಾ? ನಿಮ್ಮಮ್ಮ ಆ ಮಾತು ಆಡಲ್ವಾ?"

ನಮ್ಮಮ್ಮ ದಿನಾ ಆಡ್ತಾರೆ! ಆದ್ರೆ ನೋಡಿ, ಆಡೋದೆಲ್ಲಾ ಇಲ್ಲ ಅಂತಾನೇ. ಅತ್ತೆಗೂ ಸೊಸೆಗೂ ಸರಿಬೀಳಲ್ಲ. ಅಣ್ಣತಮ್ಮಂದಿರಿಗೆ ಸರಿಬೀಳ್ದೆ ಭಾಗ ಆದ್ರು. ಆ ಮನೆ ನೀರು ನಮಗೆ ಸರಿಬೀಳ್ಲಿಲ್ಲ. ಮನುಷ್ಯರ ವಿಷಯದಲ್ಲಿ ಸರಿಬಿತ್ತು ಅಂತ ಯಾರಾದ್ರೂ ಹೇಳಿದ್ದು ನಾನು ಜ್ಞಾಪಿಸ್ಕೊಳೋಕೆ ಒದ್ದಾಡ್ದೆ, ಸಿಗ್ಲಿಲ್ಲ. ವ್ಯಾಪಾರದಲ್ಲಿ ಸಿಗುತ್ತೆ: ರೇಟು ಸರಿಬಿದ್ರೆ ತಗೊ, ಲೆಕ್ಕ ಸರಿಬಿತ್ತು, ಹೀಗೆ. ಇದೇ ನನ್ನ ಮೊದಲ್ನೇ ಪ್ರಶ್ನೆ, ಆಮೇಲೆ ಬರ್ತೀನಿ.

ಈಗ "ಸರಿ" ಅನ್ನೋದನ್ನ ನೋಡಿ. ಅದರಲ್ಲಿ ಎರಡಿದೆ. ಒಂದು ತಪ್ಪಲ್ಲದ್ದು, ಹೊಂದೋದು. ಇನ್ನೊಂದು ಸಮ ಅನ್ನೋದು: ಸರಿಪಾಲು, ಸರಿಜೋಡಿ, ಸರಿಸಮ, ಸರೀಕರು. ಸರೀಕರ ಮುಂದೆ ತಲೆ ತಗ್ಗಿಸೋ ಹಾಗಾಯ್ತು ಅಂತೀವಲ್ಲ, ಅಲ್ಲಿ ಸರೀಕರು ಅಂದ್ರೆ ನಮ್ಮ ಮಟ್ಟದೋರು, ಆಳೂ ಅಲ್ಲ ಧಣಿಯೂ ಅಲ್ಲ. ನಾನು ಹಾಕಿದ "ಸರಿಹೊಂದುವ"ದಲ್ಲಿ ಆ ಸಮ ಅನ್ನೋದು ಹೊರಟೇ ಹೋಗುತ್ತೆ, ಬಟ್ಟೆ ಅಳತೆ ಥರ ಕೇಳ್ಸುತ್ತೆ, ಅವಳು ಬಂದು ಅವನ ಅಳತೆಗೆ ಹೊಂದ್ಕೊಬೇಕು ಅನ್ನೋ ಹಾಗೆ.

ಮೇಷ್ಟ್ರು ಹೋಗ್ವಾಗ ಅವರ ಸಭೆಯ, ಅಂದ್ರೆ ಚರ್ಚಿನ, ಅಯ್ಯನವರನ್ನ ಕೇಳು ಅಂದ್ರು. (ಇಲ್ಲಿ ಪಾಸ್ಟರನ್ನ ಅಯ್ಯನವರು ಅಂತಾರೆ, ನಮ್ಮ ಅಯ್ನೋರು ಬೇರೆ.) ನಾನೂ ಬಿಡ್ಲಿಲ್ಲ, ಪ್ರೂಫ್ ಕೊಡೋ ನೆಪದಲ್ಲಿ ಹೋದೆ. ಅವರು ಮಂಗಳೂರು ಬಲ್ಮಠದ ಥಿಯಲಾಜಿಕಲ್ ಕಾಲೇಜಲ್ಲಿ ಓದಿದೋರು, ಹೀಬ್ರೂ ಗೊತ್ತು. ಮೂಲದಲ್ಲಿ ಇರೋದು ಏಜೆರ್ ಕೆನೆಗ್ದೋ ಅಂತ ಎರಡು ಪದ. ಕೆನೆಗ್ದೋ ಬಿಡಿಸಿದ್ರೆ "ಹಾಗೆ" ಪ್ಲಸ್ "ಎದುರು" ಪ್ಲಸ್ "ಅವನ", ಅಂದ್ರೆ ಹೆಚ್ಚುಕಮ್ಮಿ ಅವನ ಎದುರಿಗೆ ನಿಂತಿರೋ ಹಾಗಿರೋದು. ಕನ್ನಡದಲ್ಲೂ ಎದುರು ಅನ್ನೋದು ಎರಡು ಕಡೆ ಹೋಗುತ್ತಲ್ಲ, ಎದುರುಮನೆ ಅಂದ್ರೆ ಸ್ನೇಹ, ಎದುರಾಡೋದು ಅಂದ್ರೆ ಜಗಳ. ಯೆಹೂದ್ಯರ ಹಳೇ ವ್ಯಾಖ್ಯಾನಕಾರ ರಾಶಿ ಇದೇ ಪದ ಹಿಡ್ಕೊಂಡು ಹೇಳಿದಾನಂತೆ, ಗಂಡಸು ಯೋಗ್ಯನಾದ್ರೆ ಅವಳು ಸಹಾಯ, ಇಲ್ಲಾಂದ್ರೆ ಎದುರು ನಿಂತು ಹೋರಾಡ್ತಾಳೆ ಅಂತ. ನಂಗೆ ತಕ್ಷಣ ಹೊಳೆದಿದ್ದು ಸರಿಬಿತ್ತು, ಸರಿಬೀಳ್ಲಿಲ್ಲ. ಒಂದೇ ಪದ, ಎರಡು ಮುಖ. ಯಾರೋ ಪುಣ್ಯಾತ್ಮ ತಿಳ್ಕೊಂಡೇ ಈ ಪದ ಹಾಕಿದಾನೆ ಅನ್ನಿಸ್ತು.

ಏಜೆರ್ ಅಂದ್ರೆ ಸಹಾಯ. ಇಲ್ಲಿ ನಂಗೆ ಒಂದು ಮಜಾ ಸಿಕ್ತು. ಕೆಜಿಎಫ್ ಕಡೆ ಮನೆ ಮೇಲೆ, ಆಟೋ ಮೇಲೆ, ಹುಡುಗರ ಹೆಸರಲ್ಲಿ ಎಬಿನೇಜರ್ ಅಂತ ನೋಡಿರ್ತೀರಿ. ಎಬೆನ್ ಅಂದ್ರೆ ಕಲ್ಲು, ಏಜೆರ್ ಅಂದ್ರೆ ಸಹಾಯ, ದೇವರು ಸಹಾಯ ಮಾಡಿದ ಅಂತ ಸಮುವೇಲ ನೆಟ್ಟ ಕಲ್ಲು. ಅದೇ ಏಜೆರ್ ಇಲ್ಲಿ ಹೆಂಡತಿಗೆ ಬಂದಿರೋದು! ನನ್ನ ಸಹಾಯ ಎಲ್ಲಿಂದ ಬರುತ್ತೆ ಅಂತ ಬೆಟ್ಟದ ಕಡೆ ನೋಡೋ 121ನೇ ಕೀರ್ತನೇಲೂ ಅದೇ ಪದ, ಅಲ್ಲಿ ಸಹಾಯ ಅಂದ್ರೆ ದೇವರೇ. ಹಂಗಾಗಿ ಸಹಾಯ ಮಾಡೋಳು ಅಂದ್ರೆ ಕೈಕೆಳಗಿನೋಳು ಅಂತ ಅರ್ಥ ಹಚ್ಚೋಕೆ ಮೂಲದಲ್ಲಿ ದಾರಿ ಇಲ್ಲ ಅಂದ್ರು ಅಯ್ಯನವರು.

ನಮ್ಮದು ಮೂರು ಭಾಷೆ ಊರಲ್ವಾ, ಅದಕ್ಕೆ ಬೇರೆ ಬೈಬಲ್ಲುಗಳನ್ನೂ ನೋಡ್ದೆ. ತೆಲುಗಲ್ಲಿ "ಸಾಟಿಯೈನ ಸಹಾಯಮು". ಸಾಟಿ ನಮ್ಮಲ್ಲೂ ಇದೆ, ಅವನಿಗೆ ಸಾಟಿ ಇಲ್ಲ ಅಂತೀವಿ, ಮುಳಬಾಗಿಲು ಕಡೆಯೋರಿಗೆ ಹೇಳ್ಕೊಡೋದೇ ಬೇಡ. ಅಲ್ಲೂ ಸಮ ಅನ್ನೋದು ಎದ್ದು ಕಾಣುತ್ತೆ. ತಮಿಳಲ್ಲಿ "ಏಟ್ರ ತುಣೈ", ತಕ್ಕ ಜೊತೆ. ತುಣೈ ಅನ್ನೋದು ಲಾರಿ ಮುಂದೆ ಮುರುಗನ್ ತುಣೈ ಅಂತ ಬರ್ದಿರುತ್ತಲ್ಲ ಅದೇ. ಅಂದ್ರೆ ಹೀಬ್ರೂನಲ್ಲಿ ಆದ ಹಾಗೇ ತಮಿಳಲ್ಲೂ ದೇವರ ಸಹಾಯಕ್ಕೂ ಸಂಗಾತಿಗೂ ಒಂದೇ ಪದ ಬಿದ್ದಿದೆ, ಯಾರೂ ಪ್ಲಾನ್ ಮಾಡ್ದೇನೇ. ಇಂಗ್ಲಿಷಿನೋರ ಕಥೆ ತಮಾಷೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಲ್ಲಿ ಹೆಲ್ಪ್ ಬೇರೆ ಪದ ಮೀಟ್ ಬೇರೆ ಪದ, ಮೀಟ್ ಅಂದ್ರೆ ಆಗಿನ ಕಾಲದಲ್ಲಿ ತಕ್ಕದ್ದು ಅಂತ. ಆಮೇಲೆ ಜನ ಎರಡನ್ನೂ ಅಂಟಿಸಿ ಹೆಲ್ಪ್‌ಮೀಟ್ ಅಂತ ಒಂದು ಪದ ಮಾಡಿದ್ರು, ಅದು ಹೋಗಿ ಹೆಲ್ಪ್‌ಮೇಟ್ ಆಯ್ತು, ತಕ್ಕದ್ದು ಅನ್ನೋ ಅರ್ಥ ಎಲ್ಲೋ ಬಿದ್ದೋಯ್ತು. ನಾನೊಬ್ನೇ ಅಲ್ಲ ಕೆಡಿಸೋನು ಅಂತ ಸಮಾಧಾನ.

ಸಹಕಾರಿ ಪದಕ್ಕೆ ಬರ್ತೀನಿ. ನಾನು ನಕ್ಕಿದ್ದು ಇದಕ್ಕೇ ಅಲ್ವಾ. ಆದ್ರೆ ಸಹಾಯಕ ಅಂತ ಹಾಕಿದ್ದಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ. ಆಫೀಸ್ ಕನ್ನಡದಲ್ಲಿ ಸಹಾಯಕ ಅಂದ್ರೆ ಯಾವಾಗ್ಲೂ ಒಂದು ಮೆಟ್ಲು ಕೆಳಗೆ: ಗ್ರಾಮ ಸಹಾಯಕ, ಸಹಾಯಕ ಎಂಜಿನಿಯರ್, ಸಹಾಯಕ ಪ್ರಾಧ್ಯಾಪಕ. ಸಹಕಾರಿ ಅಂದ್ರೆ ಸಹ ಪ್ಲಸ್ ಕಾರಿ, ಜೊತೇಲಿ ಕೆಲಸ ಮಾಡೋರು, ಅಷ್ಟೇ. ಇನ್ನು ಡೈರೀನೇ ತಗೊಳಿ, ಸಹಕಾರ ಸಂಘದಲ್ಲಿ ಹತ್ತು ಷೇರು ಇರೋನಿಗೂ ಒಂದೇ ವೋಟು, ಒಂದು ಷೇರು ಇರೋನಿಗೂ ಒಂದೇ ವೋಟು. ಹಂಗೆ ನೋಡಿದ್ರೆ ನಂಗೆ ನಗು ತರಿಸಿದ ಅರ್ಥಾನೇ ಇಲ್ಲಿಗೆ ಚೆನ್ನಾಗಿ ಕೂತ್ಕೊಳುತ್ತೆ. ಇನ್ನೊಂದು, ಸಹಕಾರಿ ಅನ್ನೋದು ಕನ್ನಡ ಕಿವಿಗೆ ಸಹಾಯಕಿ ಥರ ಹೆಣ್ಣಿನ ಪದ ಅನ್ನಿಸ್ಬೋದು, ಆದ್ರೆ ಸಂಸ್ಕೃತದಲ್ಲಿ ಸ್ತ್ರೀಲಿಂಗ ಸಹಕಾರಿಣಿ. ಏಜೆರ್ ಕೂಡ ಹೀಬ್ರೂನಲ್ಲಿ ಪುಲ್ಲಿಂಗ ಪದಾನೇ ಅಂತೆ. ಇದನ್ನ ಎಳೆದು ದೊಡ್ಡ ಅರ್ಥ ಮಾಡೋದು ಬೇಡ, ಸುಮ್ನೆ ಹೇಳ್ದೆ.

ಅದೇ ಅಧ್ಯಾಯ ಮುಂದೆ ಓದಿದ್ರೆ ಇನ್ನೂ ಚೆನ್ನಾಗಿದೆ. ಹೆಣ್ಣನ್ನ ಮಾಡೋಕೆ ಮುಂಚೆ ದೇವರು ಪ್ರಾಣಿಗಳನ್ನೆಲ್ಲಾ ಅವನ ಮುಂದೆ ತರ್ತಾನೆ, ಅವನು ಹೆಸರಿಡ್ತಾ ಹೋಗ್ತಾನೆ, ಆದ್ರೆ ಅವುಗಳಲ್ಲಿ ಸರಿಬೀಳೋ ಸಹಕಾರಿ ಸಿಗಲ್ಲ. ಎತ್ತು ಸಹಾಯ ಮಾಡಲ್ವಾ? ನಾಯಿ ಮಾಡಲ್ವಾ? ಮಾಡ್ತವೆ, ಆದ್ರೆ ಸರಿ ಅಲ್ಲ, ಸರೀಕ ಅಲ್ಲ. ಆಮೇಲೆ ಅವಳನ್ನ ನೋಡಿದಾಗ ಅವನ ಬಾಯಲ್ಲಿ ಬರೋ ಮೊದಲ ಮಾತು ಕನ್ನಡ ಸತ್ಯವೇದದಲ್ಲಿ "ಈಗ ಸರಿ". ಅಬ್ಬಾ! ಸರಿಬೀಳುವ ಅಂತ ಹುಡುಕಿ, ಸಿಗ್ದೆ, ಕೊನೆಗೆ ಈಗ ಸರಿ. ಅದೇ ವಚನದಲ್ಲಿ ನರನಿಂದ ಬಂದಿದ್ರಿಂದ ನಾರೀ ಅಂತಲೂ ಇದೆ, ಹೀಬ್ರೂನಲ್ಲಿ ಈಷ್, ಇಷ್ಷಾ ಅಂತ ಪ್ರಾಸ ಇದ್ಯಂತೆ, ಕನ್ನಡದಲ್ಲೂ ಬಿಟ್ಟಿಲ್ಲ. ನಾನು ಸರಿಹೊಂದುವ ಅಂತ ತಿದ್ದಿ ಕಾರ್ಡ್ ಹಾಕಿದ್ದಿದ್ರೆ ಈ ಕೊಂಡಿ ಕಿತ್ತೋಗ್ತಿತ್ತು. ಸಹಧರ್ಮಿಣಿ ಬಗ್ಗೆ ಮೇಷ್ಟ್ರು ಹೇಳಿದ್ದೂ ಸರಿ, ಅದು ಹೋಮಕ್ಕೆ ಪಕ್ಕದಲ್ಲಿ ಕೂರೋಳ ಪದ, ನಮ್ಮ ಮನೆ ಪದ, ಅವರ ಮನೆಗೆ ಒಯ್ಯೋಕಾಗಲ್ಲ.

ಇಲ್ಲಿಗೆ ಮುಗೀತು ಅನ್ಕೊಂಡೆ, ಮದುಮಗಳು ಬಿಡ್ಲಿಲ್ಲ. ನರಸಾಪುರದಲ್ಲಿ ಕಂಪನೀಲಿ ಕೆಲಸ ಮಾಡೋ ಹುಡುಗಿ, ಶಿಫ್ಟ್ ಮುಗಿಸ್ಕೊಂಡು ಬಂದು ಮದುವೆ ಆರಾಧನೆ ಕ್ರಮದ ಪುಸ್ತಕದ ಪ್ರೂಫ್ ಓದ್ತಾ ಇದ್ಲು. ಎಫೆಸದವರಿಗೆ ಬರೆದ ಪತ್ರಿಕೆ 5ನೇ ಅಧ್ಯಾಯ, ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರ್ಬೇಕು ಅನ್ನೋ ಕಡೆ ಬೆರಳಿಟ್ಟು, "ಅಂಕಲ್, ಸರಿಬೀಳುವ ಅನ್ನೋದನ್ನ ತಿದ್ದಿದ್ರಂತೆ, ಇದನ್ನ ಯಾಕೆ ತಿದ್ಲಿಲ್ಲ?" ಅಂದ್ಲು. ನಂಗೆ ಬಾಯಿ ಬರ್ಲಿಲ್ಲ. ಅಧೀನ ಅಂದ್ರೆ ವಿಧಾನಸೌಧದ ಆದೇಶದ ಕೆಳಗೆ ಸರ್ಕಾರದ ಅಧೀನ ಕಾರ್ಯದರ್ಶಿ ಅಂತ ಸೀಲ್ ಇರುತ್ತಲ್ಲ, ನಂಗೆ ಅದೇ ನೆನಪಾಗೋದು.

ಅಯ್ಯನವರು ಇದಕ್ಕೂ ಹೇಳಿದ್ರು. ಗ್ರೀಕಲ್ಲಿ ಹುಪೊಟಾಸ್ಸೋ, ಕೆಳಗೆ ಸಾಲಾಗಿ ನಿಲ್ಲಿಸೋದು ಅನ್ನೋ ಮೂಲ. ಆದ್ರೆ ತುಂಬಾ ಹಳೇ ಪ್ರತಿಗಳಲ್ಲಿ, ಅಂದ್ರೆ 46ನೇ ಪಪೈರಸ್, ವ್ಯಾಟಿಕನ್ ಪ್ರತಿ, ಇವುಗಳಲ್ಲಿ 22ನೇ ವಚನದಲ್ಲಿ ಆ ಕ್ರಿಯಾಪದಾನೇ ಇಲ್ವಂತೆ, 21ನೇ ವಚನದಿಂದ ಸಾಲ ತಗೊಂಡು ಓದ್ಬೇಕು, ಮತ್ತೆ 21ರಲ್ಲಿ ಹೇಳಿರೋದು ಹೆಂಗಸರಿಗಲ್ಲ, ಎಲ್ರೂ ಒಬ್ಬರಿಗೊಬ್ರು ಅಂತ. ಮಕ್ಕಳು ಅಪ್ಪ ಅಮ್ಮನ ಮಾತು ಕೇಳ್ಬೇಕು ಅನ್ನೋ ಕಡೆ 6ನೇ ಅಧ್ಯಾಯದಲ್ಲಿ ಬೇರೇ ಕ್ರಿಯಾಪದ, ಹುಪಕೂಓ, ಅದನ್ನ ಹೆಂಡತಿಗೆ ಇಲ್ಲಿ ಹಾಕಿಲ್ಲ. ಗಂಡನ ಪಾಲಿಗೆ 25ರಿಂದ 33ರ ತನಕ ಇದೆ, ಕ್ರಿಸ್ತ ಸಭೆಗೋಸ್ಕರ ತನ್ನನ್ನೇ ಕೊಟ್ಟ ಹಾಗೆ ಹೆಂಡತೀನ ಪ್ರೀತಿಸು ಅಂತ, ಹೆಂಡತಿಗೆ ಹೇಳಿರೋದರ ಎರಡರಷ್ಟಕ್ಕಿಂತ ಜಾಸ್ತಿ. ಇಷ್ಟೆಲ್ಲಾ ಆದ್ಮೇಲೂ ಗಂಡ ತಲೆ ಅನ್ನೋ 23ನೇ ವಚನ ಇದ್ದೇ ಇದೆ, ಅದನ್ನ ಅಧಿಕಾರ ಅಂತಲೇ ಹಿಡಿಯೋ ಸಭೆಗಳೂ ಇವೆ, ತಲೆ ಅಂದ್ರೆ ನದಿ ಮೂಲದ ಥರ ಹುಟ್ಟೋ ಜಾಗ ಅಂತ ಬಿಡಿಸೋರೂ ಇದಾರೆ, ಅಯ್ಯನವರು ಅದನ್ನ ಮುಚ್ಚಿಡ್ಲಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಅಧೀನ ಅನ್ನೋ ಪದ ಆಫೀಸು ಸೇರಿ ಕೆಟ್ಟೋಗಿದೆ, ಹಳೇ ಕಾಲದಲ್ಲಿ ಇಷ್ಟು ಒರಟು ಇರ್ಲಿಲ್ವೇನೋ. ಬದಲಿಗೆ ಏನು ಹಾಕ್ಬೋದು? ಒಳಪಡು? ತಗ್ಗಿ ನಡಿ? ಮಣಿ? ಯಾವುದೂ ಎರಡೂ ಕಡೆಗೆ ಸಮನಾಗಿ ಕೂತ್ಕೊಳಲ್ಲ.

ಪ್ರತಿಜ್ಞೆ ಪುಟದಲ್ಲಿ ಮಾತ್ರ ನಂಗೆ ಕೆಲಸ ಸುಲಭ ಆಯ್ತು. ಇಂಗ್ಲೆಂಡಿನ 1662ರ ಪ್ರಾರ್ಥನಾ ಪುಸ್ತಕದಲ್ಲಿ ಹೆಣ್ಣು ಮಾತ್ರ ಮಾತು ಕೇಳ್ತೀನಿ ಅಂತ ಹೇಳ್ಬೇಕಿತ್ತಂತೆ, ಗಂಡಿಗೆ ಅದಿರ್ಲಿಲ್ಲ. ಇವರ ಪುಸ್ತಕದಲ್ಲಿ ಇಬ್ಬರದೂ ಒಂದೇ ವಾಕ್ಯ, ಒಂದು ಪ್ಯಾರಾ ಟೈಪ್ ಮಾಡಿ ಕಾಪಿ ಹೊಡ್ದು ಹೆಸರು ಬದಲಾಯಿಸಿದೆ, ಗಂಡ ಇರೋ ಕಡೆ ಹೆಂಡತಿ ಹಾಕ್ದೆ, ಮುಗೀತು.

ಈಗ ಪ್ರಶ್ನೆ. ಸರಿಬೀಳು ಅನ್ನೋದನ್ನ ಮನುಷ್ಯರ ಬಗ್ಗೆ, ಅದರಲ್ಲೂ ಗಂಡ ಹೆಂಡತಿ ಬಗ್ಗೆ, ಇಲ್ಲ ಅನ್ನೋದು ಸೇರ್ಸ್ದೆ ನಿಮ್ಮ ಕಡೆ ಆಡ್ತಾರಾ? "ಅವರಿಬ್ರಿಗೂ ಚೆನ್ನಾಗಿ ಸರಿಬಿದ್ದಿದೆ" ಅಂತ ಯಾರಾದ್ರೂ ಅಂದಿದ್ದು ಕೇಳಿದೀರಾ? ಪಾವಗಡ, ಮಧುಗಿರಿ, ಗೌರಿಬಿದನೂರು, ಬಾಗೇಪಲ್ಲಿ ಕಡೆಯೋರು ಹೇಳಿ, ಅಲ್ಲಿ ತೆಲುಗಿನ ಪ್ರಭಾವದಿಂದ ಬೇರೆ ಥರ ಇರ್ಬೋದು. ಹಾಗೇ ಸರಿಬರು, ಸರಿಹೋಗು, ಸರಿಬೀಳು ಮೂರಕ್ಕೂ ನಿಮ್ಮ ಕಿವಿಗೆ ವ್ಯತ್ಯಾಸ ಕೇಳುತ್ತಾ? ನನ್ನ ಕಿವಿಗೆ ಸರಿಹೋಗೋದು ಅಂದ್ರೆ ಮುಂಚೆ ಕೆಟ್ಟಿದ್ದು ಆಮೇಲೆ ಸರಿಯಾಗೋದು, ಸರಿಬೀಳೋದು ಅಂದ್ರೆ ತಕ್ಕಡಿ ಎರಡು ತಟ್ಟೆ ಒಂದೇ ಮಟ್ಟಕ್ಕೆ ಬಂದು ನಿಲ್ಲೋದು.

ಮನೇಲಿ ಕೇಳ್ದೆ, ನಿಂಗೆ ಯಾವಾಗ್ಲಾದ್ರೂ ಸರಿಬಿತ್ತು ಅಂತ ಹೇಳಿದ ನೆನಪಿದ್ಯಾ ಅಂತ. ನಮ್ಮವಳು ತರಕಾರಿ ಹೆಚ್ಚೋದು ಬಿಡ್ದೆ ಅಂದ್ಲು: "ಏನ್ರೀ, ಹದಿನೆಂಟು ವರ್ಷ ಆಯ್ತು, ಸರಿಬೀಳ್ದಿದ್ರೆ ಹೇಳ್ತಿರ್ಲಿಲ್ವಾ?"

ಇದು ಉದಾಹರಣೆ ಅಂತ ಲೆಕ್ಕಕ್ಕೆ ತಗೊಬೋದಾ, ತಿಳಿದೋರು ಹೇಳಿ.