ಜೇಡಿಮಣ್ಣಲ್ಲಿ ಟ್ರೈಕೋನ್ ಬಿಟ್‌ಗೆ ಮುದ್ದೆ ಕಟ್ಟುತ್ತಿದೆ, 42 ಮೀಟರ್ ಆದಮೇಲೆ ಇಳಿಯುತ್ತಿಲ್ಲ

ರಿಗ್_ತುಮಕೂರು, ಸೋಮವಾರ ರಾತ್ರಿ

ನಮಸ್ಕಾರ ಎಲ್ಲರಿಗೂ. ಹನ್ನೆರಡು ವರ್ಷ ತುಮಕೂರು, ಚಿತ್ರದುರ್ಗ ಕಡೆ ಹ್ಯಾಮರ್ ರಿಗ್ ಓಡಿಸಿದವನು ನಾನು. ಅಲ್ಲಿ ಗಟ್ಟಿ ಕಲ್ಲು. ಕಂಪ್ರೆಸರ್ ಗಾಳಿ ಬಿಟ್ಟರೆ ಪುಡಿ ತಾನಾಗೇ ಮೇಲೆ ಬರುತ್ತದೆ. ಈ ವರ್ಷ ಹಳೆಯ ಮಡ್ ರೋಟರಿ ರಿಗ್ (ಗಾಳಿಯ ಬದಲು ಕೆಸರುನೀರು, ಅಂದರೆ ಮಡ್, ಪಂಪ್ ಮಾಡಿ ಕೊರೆಯುವಂಥದ್ದು) ಒಂದನ್ನು ಕೊಂಡು ಆಂಧ್ರದ ಏಲೂರು ಕಡೆ ಬಂದಿದ್ದೇನೆ. ಗೋದಾವರಿ ಡೆಲ್ಟಾದ ಅಂಚು, ಮೇಲೆಲ್ಲ ಮಣ್ಣು ಮತ್ತು ಮರಳು. ಮೂರನೇ ಬೋರ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

42 ಮೀಟರ್‌ವರೆಗೆ ಚೆನ್ನಾಗಿ ಇಳಿಯಿತು. 3 ಮೀಟರ್ ರಾಡ್ ಒಂದಕ್ಕೆ ಹತ್ತು ಹದಿನೈದು ನಿಮಿಷ. ಅಲ್ಲಿಂದ ಕೆಳಗೆ ಬೂದು ಬಣ್ಣದ ಅಂಟು ಜೇಡಿ. ಈಗ ಅದೇ ರಾಡ್‌ಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತಿದೆ. ಭಾರ ಜಾಸ್ತಿ ಕೊಟ್ಟೆ, ಇಳಿಯಲಿಲ್ಲ. ಇನ್ನೂ ಕೊಟ್ಟೆ, ಇನ್ನೂ ನಿಧಾನವಾಯಿತು. ರಾಡ್ ಮಾತ್ರ ಆರಾಮಾಗಿ ತಿರುಗುತ್ತಿದೆ, ಎಳೆತವೇ ಇಲ್ಲ. ಕೊನೆಗೆ ಎಲ್ಲ ಮೇಲೆ ಎತ್ತಿ ನೋಡಿದರೆ ಬಿಟ್‌ನ, ಅಂದರೆ ತಳ ಕೊರೆಯುವ ತಲೆಯ, ಮೂರು ತಿರುಗುವ ಕೋನ್‌ಗಳ ಮಧ್ಯೆ ಸಂದೇ ಕಾಣುತ್ತಿಲ್ಲ. ಮುದ್ದೆ ಕೋಲಿಗೆ ಹಿಟ್ಟು ಮೆತ್ತಿದ ಹಾಗೆ ಇಡೀ ಬಿಟ್ ಒಂದೇ ಉಂಡೆ. ಕಬ್ಬಿಣದ ಸಲಾಕೆಯಿಂದ ಕೆತ್ತಿ ತೆಗೆದೆವು. ಮತ್ತೆ ಇಳಿಸಿದರೆ ಎರಡು ರಾಡ್ ಆಗುವಷ್ಟರಲ್ಲಿ ಅದೇ ಕಥೆ.

ಬಿಟ್ 9⅞ ಇಂಚು, ಹಲ್ಲಿನ ಟ್ರೈಕೋನ್. ರಾಡ್ 3½ ಇಂಚು. ಡುಪ್ಲೆಕ್ಸ್ ಪಂಪ್, ಮಾರಿದವರು ನಿಮಿಷಕ್ಕೆ 950 ಲೀಟರ್ ಅಂದಿದ್ದರು. ಒತ್ತಡದ ಗೇಜ್ (ಚದರ ಸೆಂ.ಮೀ.ಗೆ) 8 ಕೆಜಿ ತೋರಿಸುತ್ತದೆ. ಮಣ್ಣು ಮೇಲೆ ಬರಲಿ ಅಂತ ಬೆಂಟೊನೈಟ್ ಚೆನ್ನಾಗಿ ಹಾಕಿ ಮಡ್ ಗಟ್ಟಿ ಮಾಡಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಕೆಸರುಗುಂಡಿ, ಸೋಮವಾರ ರಾತ್ರಿ

ಮೊದಲು ಭಾರ ತೆಗೆಯಿರಿ. ಹಲ್ಲು ಪೂರ್ತಿ ಜೇಡಿಯೊಳಗೆ ಹೂತುಹೋದರೆ ಕೋನ್‌ನ ಮೈಯೇ ಮಣ್ಣಿಗೆ ಒತ್ತಿಕೊಳ್ಳುತ್ತದೆ. ಆಮೇಲೆ ತೊಳೆಯುವುದಕ್ಕೆ ಜಾಗವೇ ಇರುವುದಿಲ್ಲ. ಎಳೆತ ಇಲ್ಲದೆ ಆರಾಮಾಗಿ ತಿರುಗುವುದೇ ಉಂಡೆ ಕಟ್ಟಿದ ಗುರುತು. ಹಲ್ಲು ಮಣ್ಣನ್ನು ಕಡಿಯುತ್ತಿಲ್ಲ, ಉಂಡೆ ಸುಮ್ನೆ ಉಜ್ಜುತ್ತಿದೆ.

ಹಾಗೆ ಆದ ತಕ್ಷಣ ತಳದಿಂದ ಒಂದು ಮೀಟರ್ ಎತ್ತಿ. ಪಂಪ್ ಪೂರ್ತಿ ಕೊಟ್ಟು, ಜೋರಾಗಿ ತಿರುಗಿಸುತ್ತಾ ಹತ್ತು ಹದಿನೈದು ನಿಮಿಷ ಮೇಲೆ ಕೆಳಗೆ ಆಡಿಸಿ. ಎಷ್ಟೋ ಸಲ ಉಂಡೆ ಬಿದ್ದುಹೋಗುತ್ತದೆ. ಬೀಳದಿದ್ದರೆ ಮೇಲೆ ತೆಗೆಯಲೇಬೇಕು, ಆದರೆ ನಿಧಾನಕ್ಕೆ. ಉಂಡೆ ಕಟ್ಟಿದ ಬಿಟ್ ಬೋರ್‌ನೊಳಗೆ ಪಿಸ್ಟನ್ ಇದ್ದ ಹಾಗೆ. ಜೋರಾಗಿ ಎಳೆದರೆ ಕೆಳಗಿನ ಮರಳನ್ನು ಹೀರಿ ಗೋಡೆ ಕುಸಿಸುತ್ತದೆ. ಎತ್ತುವಾಗ ಬೋರ್ ತುಂಬ ಮಡ್ ಇರಲಿ.

ಇನ್ನೊಂದು ಮಾತು. ಜೇಡಿಯಲ್ಲಿ ಬೆಂಟೊನೈಟ್ ಯಾಕೆ? ಬೆಂಟೊನೈಟ್ ಅಂದರೆ ಅದೂ ಜೇಡಿಯೇ ಅಲ್ವಾ. ನೆಲವೇ ನಿಮಗೆ ಮಡ್ ಮಾಡಿಕೊಡುತ್ತಿದೆ, ಅದರ ಮೇಲೆ ನೀವೂ ಸುರಿದರೆ ಅಂಟು ಜಾಸ್ತಿಯಾಗುತ್ತದೆ. ಮಡ್ ಎಷ್ಟು ಗಟ್ಟಿ ಅಂತ ನೋಡುವ ಮಾರ್ಷ್ ಫನಲ್ ಇದ್ದರೆ ಅಳೆದು ಹೇಳಿ. ಬರೀ ನೀರು 26 ಸೆಕೆಂಡ್‌ನಲ್ಲಿ ಇಳಿಯುತ್ತದೆ.

ಹಳೇ_ಡ್ರಿಲ್ಲರ್, ಮಂಗಳವಾರ ಬೆಳಿಗ್ಗೆ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಪೋಸ್ಟ್‌ನಲ್ಲಿ ಒಂದು ಅಂಕೆ ಕಾಣಿಸಲಿಲ್ಲ, ಅದೇ ನನಗೆ ಮುಖ್ಯ. ಬಿಟ್‌ನಲ್ಲಿ ನಾಝಲ್ ಯಾವ ನಂಬರ್? ಬಿಟ್ ತಿರುಗಿಸಿ ಹಿಡಿದರೆ ಕೋನ್‌ಗಳ ಮಧ್ಯೆ ಮೂರು ತೂತು ಕಾಣುತ್ತದೆ. ಒಳಗಿರುವ ಕಾರ್ಬೈಡ್ ಬಿಲ್ಲೆಯ ಮೇಲೆ ನಂಬರ್ ಇರುತ್ತದೆ. 12 ಅಂದರೆ ತೂತು ಇಂಚಿನ 32ರಲ್ಲಿ 12 ಭಾಗ, ಸುಮಾರು 9.5 ಮಿ.ಮೀ. ನಂಬರ್ ಅಳಿಸಿದ್ದರೆ ವರ್ನಿಯರ್‌ನಲ್ಲಿ ಅಳೆಯಿರಿ.

ಪಂಪ್ ನಿಜವಾಗಿ ಎಷ್ಟು ಕೊಡುತ್ತಿದೆ ಅಂತಲೂ ಅಳೆಯಿರಿ. ಮಾರಿದವರ ಮಾತು ಬೇಡ. ವಾಪಸ್ ಬರುವ ಮಡ್ಡನ್ನು ಸಾವಿರ ಲೀಟರ್ ಪ್ಲಾಸ್ಟಿಕ್ ಟ್ಯಾಂಕಿಗೆ ತಿರುಗಿಸಿ, ತುಂಬುವುದಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ.

ರಿಗ್_ತುಮಕೂರು, ಮಂಗಳವಾರ ಮಧ್ಯಾಹ್ನ

ಅಳೆದೆ. ಮೂರೂ ನಾಝಲ್ 20. ಟ್ಯಾಂಕ್ ತುಂಬಲು 83 ಸೆಕೆಂಡ್. ಅಂದರೆ ನಿಮಿಷಕ್ಕೆ 720 ಲೀಟರ್, 950 ಅಲ್ಲ. ಫನಲ್‌ನಲ್ಲಿ ಮಡ್ ಇಳಿಯಲು 52 ಸೆಕೆಂಡ್.

ಹಳೇ_ಡ್ರಿಲ್ಲರ್, ಮಂಗಳವಾರ ಸಂಜೆ

ಸಿಕ್ಕಿತು ನೋಡಿ. ಸ್ವಲ್ಪ ಉದ್ದ ಬರೆಯುತ್ತೇನೆ. ಗಾಳಿ ರಿಗ್‌ನಿಂದ ಮಡ್‌ಗೆ ಬಂದ ಎಷ್ಟೋ ಜನ ಇಲ್ಲೇ ಎಡವುವುದನ್ನು ನೋಡಿದ್ದೇನೆ.

ಮಡ್‌ಗೆ ಎರಡು ಬೇರೆ ಬೇರೆ ಕೆಲಸ ಇದೆ. ಒಂದು, ಕಡಿದ ಮಣ್ಣನ್ನು ಬೋರ್‌ನುದ್ದಕ್ಕೂ ಮೇಲೆ ತರುವುದು. ಅದಕ್ಕೆ ಎಷ್ಟು ಲೀಟರ್ ಹರಿಯುತ್ತದೆ ಅನ್ನುವುದು ಮುಖ್ಯ. ಇನ್ನೊಂದು, ಹಲ್ಲಿನ ಸಂದಿಯಿಂದ ಮತ್ತು ತಳದಿಂದ ಮಣ್ಣನ್ನು ಆ ಕ್ಷಣವೇ ಕಿತ್ತು ಪಕ್ಕಕ್ಕೆ ತಳ್ಳುವುದು. ಅದಕ್ಕೆ ಬರೀ ಲೀಟರ್ ಸಾಲದು, ನಾಝಲ್‌ನಿಂದ ಹೊರಬೀಳುವ ವೇಗ ಬೇಕು. ತಳದಲ್ಲಿ ಮಡ್‌ನ ಒತ್ತಡವೇ ಕಡಿದ ಚೂರನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತದೆ. ನಾಝಲ್‌ನ ಜೋರು ಧಾರೆ, ಅಂದರೆ ಜೆಟ್, ಬಂದು ಎಬ್ಬಿಸದಿದ್ದರೆ ಮುಂದಿನ ಹಲ್ಲು ಅದೇ ಚೂರನ್ನು ಮತ್ತೆ ಅರೆಯುತ್ತದೆ. ಕಲ್ಲಾದರೆ ಪುಡಿಯಾಗುತ್ತದೆ, ಜೇಡಿಯಾದರೆ ಹಿಟ್ಟು ನಾದಿದ ಹಾಗೆ ಆಗಿ ಕೋನ್‌ಗೆ ಅಂಟುತ್ತದೆ.

ಕೋನ್ ಬಿಟ್ ಬಂದ ಹೊಸದರಲ್ಲಿ ಈ ಜೆಟ್ ಇರಲಿಲ್ಲ. ಅಮೆರಿಕದ ಹೋವರ್ಡ್ ಹ್ಯೂಸ್ ಸೀನಿಯರ್ ಎರಡು ಕೋನ್ ಬಿಟ್‌ಗೆ 1909ರಲ್ಲಿ ಪೇಟೆಂಟ್ ಪಡೆದರು, ಮೂರು ಕೋನ್ ಬಿಟ್ 1933ರಲ್ಲಿ ಬಂತು. ಆಗ ಮಡ್ ದೊಡ್ಡ ತೂತಿನಿಂದ ಕೋನ್‌ಗಳ ಮೇಲೆ ಸುರಿಯುತ್ತಿತ್ತು. ಸಣ್ಣ ನಾಝಲ್ ಇಟ್ಟು ನೇರ ತಳಕ್ಕೆ ಹೊಡೆಯುವ ಬಿಟ್ ಬಳಕೆಗೆ ಬಂದದ್ದು 1940ರ ದಶಕದ ಕೊನೆಯಲ್ಲಿ. ನಿಮ್ಮ ಹತ್ತಿರ ಇರುವುದು ಜೆಟ್ ಬಿಟ್ಟೇ, ಆದರೆ ನೀವು ಅದನ್ನು ಆ ಹಳೆಯ ಬಿಟ್‌ನ ಹಾಗೆ ಓಡಿಸುತ್ತಿದ್ದೀರಿ.

ಈಗ ಲೆಕ್ಕ. 20ರ ನಾಝಲ್ ಒಂದರ ತೂತು 198 ಚದರ ಮಿ.ಮೀ., ಮೂರೂ ಸೇರಿ 594. ವೇಗ ತಿಳಿಯಲು ನಿಮಿಷದ ಲೀಟರನ್ನು 16.67ರಿಂದ ಗುಣಿಸಿ, ಈ ಚದರ ಮಿ.ಮೀ.ಯಿಂದ ಭಾಗಿಸಿ. 720ಕ್ಕೆ ಸೆಕೆಂಡಿಗೆ 20 ಮೀಟರ್ ಬರುತ್ತದೆ. ಬಿಟ್‌ನಲ್ಲಿ ಖರ್ಚಾಗುವ ಒತ್ತಡಕ್ಕೆ ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ ಮಡ್‌ನ ಸಾಂದ್ರತೆಯಿಂದ ಗುಣಿಸಿ, 177ರಿಂದ ಭಾಗಿಸಿ. ಸಾಂದ್ರತೆ 1.1 ಅಂತ ಇಟ್ಟುಕೊಂಡರೆ ಬರೀ 2.5 ಕೆಜಿ. ಗೇಜ್‌ನಲ್ಲಿ ಕಾಣುವ 8 ಕೆಜಿಯಲ್ಲಿ ಉಳಿದ ಐದೂವರೆ ಹೋಸ್, ರಾಡ್, ಬೋರ್‌ನೊಳಗೆ ಸುಮ್ನೆ ಹೋಗುತ್ತಿದೆ. ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಖರ್ಚು.

ನಾನು ತೈಲ ರಿಗ್‌ಗಳಲ್ಲಿ ಕೆಲಸ ಮಾಡಿದವನು. ಅಲ್ಲಿ ಪಂಪ್ ಒತ್ತಡದಲ್ಲಿ ನೂರಕ್ಕೆ ಸುಮಾರು 65 ಪಾಲು ಬಿಟ್‌ನಲ್ಲಿ ಖರ್ಚಾಗುವಂತೆ ನಾಝಲ್ ಆರಿಸುತ್ತಾರೆ. ತಳಕ್ಕೆ ಬೀಳುವ ಹೊಡೆತವೇ ಜಾಸ್ತಿ ಇರಲಿ ಅಂದರೆ 48 ಪಾಲಿನ ಸುತ್ತಮುತ್ತ. ನಿಮ್ಮದು 30 ಪಾಲು ಮಾತ್ರ. ತಳದ ಚದರ ಇಂಚಿಗೆ ಇಷ್ಟು ಕುದುರೆಶಕ್ತಿ ಅಂತಲೂ ಲೆಕ್ಕ ಹಾಕುತ್ತಾರೆ. ಕೆಜಿ ಒತ್ತಡವನ್ನು ಲೀಟರ್‌ನಿಂದ ಗುಣಿಸಿ 450ರಿಂದ ಭಾಗಿಸಿದರೆ ಕುದುರೆಶಕ್ತಿ. ನಿಮ್ಮ ಬಿಟ್‌ಗೆ ಸಿಗುತ್ತಿರುವುದು ಒಟ್ಟು 4. ಅದು 76 ಚದರ ಇಂಚಿಗೆ ಹಂಚಿದರೆ 0.05. ಆಳದ ತೈಲ ಬಾವಿಯಲ್ಲಿ 2.5ರಿಂದ 5 ಇಡಲು ನೋಡುತ್ತಾರೆ. ನೀರಿನ ಬೋರ್ ಪಂಪ್‌ನಿಂದ ಅಷ್ಟು ಆಗದು, ಬೇಕೂ ಇಲ್ಲ. ಆದರೆ 0.05 ಅಂದರೆ ಜೇಡಿಗೆ ಏನೂ ಇಲ್ಲ.

ನಿಮ್ಮ ಪಂಪ್ ಸೇಫ್ಟಿ ವಾಲ್ವ್ ಎಷ್ಟಕ್ಕೆ ಸೆಟ್ ಆಗಿದೆ?

ರಿಗ್_ತುಮಕೂರು, ಮಂಗಳವಾರ ರಾತ್ರಿ

28 ಕೆಜಿ. ಇಷ್ಟು ದಿನ ಗೇಜ್ ಕಮ್ಮಿ ಇದ್ದರೆ ಪಂಪ್ ಆರಾಮಾಗಿದೆ ಅಂತ ಖುಷಿಪಡುತ್ತಿದ್ದೆ. 12ರ ನಾಝಲ್ ಹಾಕಿಬಿಡಲಾ?

ಹಳೇ_ಡ್ರಿಲ್ಲರ್, ಮಂಗಳವಾರ ರಾತ್ರಿ

ಬೇಡ. ಮೊದಲು ಪಂಪ್ ಬಿಚ್ಚಿ. ಪಿಸ್ಟನ್ ರಬ್ಬರ್ ಮತ್ತು ವಾಲ್ವ್ ಸೀಟ್ ಸವೆದಿರುತ್ತವೆ, 230 ಲೀಟರ್ ಅಲ್ಲೇ ಸೋರುತ್ತಿದೆ. ಅದನ್ನು ಸರಿಮಾಡದೆ ನಾಝಲ್ ಸಣ್ಣದು ಮಾಡಿದರೆ ಒತ್ತಡ ಏರಿ ಇನ್ನೂ ಸೋರುತ್ತದೆ.

950 ಬಂದರೆ 12ರ ನಾಝಲ್‌ನಲ್ಲಿ ಬಿಟ್ ಒಂದೇ 33 ಕೆಜಿ ದಾಟುತ್ತದೆ, ನಿಮ್ಮ ಸೇಫ್ಟಿ ಹಾರುತ್ತದೆ. 14 ಮೂರು ಹಾಕಿ. ಒಟ್ಟು 291 ಚದರ ಮಿ.ಮೀ., ವೇಗ 54 ಮೀಟರ್, ಬಿಟ್‌ನಲ್ಲಿ 18 ಕೆಜಿ. ಹರಿವು ಏರಿದ್ದರಿಂದ ರಾಡ್‌ನ ಖರ್ಚೂ ಎಂಟೊಂಬತ್ತು ಕೆಜಿಗೆ ಏರುತ್ತದೆ. ಒಟ್ಟು 26, 27. ಮಿತಿಗೆ ಹತ್ತಿರ, ಆದರೆ ಒಳಗೇ ಇದೆ.

ಅಂಗಡಿಗೆ ಹೋಗುವಾಗ ಹಳೇ ನಾಝಲ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಒಳತೂತು ಒಂದೇ ನಂಬರ್ ಇದ್ದರೂ ಹೊರಮೈ ಅಳತೆ ಬಿಟ್‌ನಿಂದ ಬಿಟ್‌ಗೆ ಬೇರೆ. ಓ ರಿಂಗ್ ಹೊಸದೇ ಹಾಕಿ. ಅದು ಕತ್ತರಿಸಿದ್ದರೆ ಮಡ್ ನಾಝಲ್‌ನ ಪಕ್ಕದಿಂದ ನುಗ್ಗಿ ಬಿಟ್‌ನ ಉಕ್ಕನ್ನೇ ಕೊರೆದು ಹಾಕುತ್ತದೆ.

ಮೂರು_ರೆಕ್ಕೆ, ಬುಧವಾರ ಬೆಳಿಗ್ಗೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 18ರ ನಾಝಲ್ ಎರಡು ಹಾಕಿ, ಮೂರನೆಯದನ್ನು ಪೂರ್ತಿ ಮುಚ್ಚಿ. ಮೂರೂ ಕಡೆಯಿಂದ ಸಮವಾಗಿ ಹೊಡೆದರೆ ಮಡ್ ಮಧ್ಯದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ಅಲ್ಲೇ ಸುತ್ತುತ್ತದೆ. ಒಂದು ಮುಚ್ಚಿದರೆ ಎರಡು ಕಡೆಯಿಂದ ಇಳಿದು, ತಳ ಗುಡಿಸಿಕೊಂಡು, ಮುಚ್ಚಿದ ಕಡೆಯಿಂದ ಮೇಲೆ ಹೋಗುತ್ತದೆ. ಜೇಡಿಯಲ್ಲಿ ನನಗೆ ಇದು ಕೈಹಿಡಿದಿದೆ. ಅಥವಾ ಈ ಆಳಕ್ಕೆ ಟ್ರೈಕೋನ್ ಬಿಟ್ಟು ಮೂರು ರೆಕ್ಕೆಯ ಡ್ರ್ಯಾಗ್ ಬಿಟ್ ಹಾಕಿ. ಮೆತ್ತನೆ ಜೇಡಿಯನ್ನು ಅದು ಅರೆಯುವುದಿಲ್ಲ, ಹೆರೆಯುತ್ತದೆ. ಅಂಟಲು ಸಂದಿಯೂ ಕಮ್ಮಿ.

ಹಳೇ_ಡ್ರಿಲ್ಲರ್, ಬುಧವಾರ ಬೆಳಿಗ್ಗೆ

ಒಂದು ಮುಚ್ಚುವ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಎರಡು 18ಕ್ಕೆ ವೇಗ 49 ಮೀಟರ್, ಮೂರು 14ಕ್ಕಿಂತ ಸ್ವಲ್ಪ ಕಮ್ಮಿ. ಜೊತೆಗೆ ಎರಡೇ ಇದ್ದಾಗ ಒಂದು ಕಟ್ಟಿಕೊಂಡರೆ ಕೊರೆತವೇ ನಿಲ್ಲುತ್ತದೆ. ಮೊದಲ ಸಲ ಮಾಡುವವರು ಮೂರರಿಂದ ಶುರುಮಾಡಲಿ ಅನ್ನುವುದು ನನ್ನ ಮಾತು. ಆಮೇಲೂ ಮಧ್ಯದಲ್ಲಿ ಮಣ್ಣು ಉಳಿದರೆ ಒಂದನ್ನು ಮುಚ್ಚಿ ನೋಡೋಣ. ಡ್ರ್ಯಾಗ್ ಬಿಟ್ ಬಗ್ಗೆ ನನ್ನ ತಕರಾರಿಲ್ಲ, ಕೈಯಲ್ಲಿದ್ದರೆ ಹಾಕಲಿ.

ನಾಝಲ್ ಸಣ್ಣದಾದ ಮೇಲೆ ಕಸ ಸಿಕ್ಕಿಕೊಳ್ಳುವುದು ಜಾಸ್ತಿ, ಇದನ್ನು ಮರೆಯಬೇಡಿ. ಸಕ್ಷನ್‌ಗೆ ಜಾಲರಿ ಕಟ್ಟಿ. ಬಿಟ್‌ನ ಮೇಲೆ ನಾನ್ ರಿಟರ್ನ್ ವಾಲ್ವ್ ಇರಲಿ, ರಾಡ್ ಸೇರಿಸುವಾಗ ಕೆಸರು ಹಿಂದಿನಿಂದ ನಾಝಲ್‌ಗೆ ನುಗ್ಗುವುದಿಲ್ಲ. ಕೊನೆಯ ರಾಡನ್ನು ಪಂಪ್ ಓಡಿಸಿಕೊಂಡೇ ಇಳಿಸಿ. ಪಂಪ್ ನಿಲ್ಲಿಸಿ ಬಿಟ್ಟನ್ನು ಜೇಡಿಗೆ ಕೂರಿಸಿದರೆ ನೀವೇ ಬಿರಡೆ ಹಾಕಿದ ಹಾಗೆ.

ಕೆಸರುಗುಂಡಿ, ಬುಧವಾರ ಮಧ್ಯಾಹ್ನ

ಮಡ್ ವಿಷಯ ಮುಗಿಸಿಬಿಡುತ್ತೇನೆ. 52 ಸೆಕೆಂಡ್ ತುಂಬಾ ಗಟ್ಟಿ. ಗುಂಡಿಯ ಅರ್ಧ ಚೆಲ್ಲಿ ಹೊಸ ನೀರು ಬಿಡಿ. ಸೋಡಾ ಆ್ಯಷ್ ಹಾಕಿ ಪಿಎಚ್ 9ರ ಹತ್ತಿರ ತನ್ನಿ. ಆಮೇಲೆ ಪಿಎಚ್‌ಪಿಎ ಪಾಲಿಮರ್ ಸ್ವಲ್ಪ ಸ್ವಲ್ಪ ಉದುರಿಸಿ, ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ. ಪಾಲಿಮರ್ ಜೇಡಿ ಚೂರಿನ ಮೇಲೆ ಪದರ ಕಟ್ಟುತ್ತದೆ, ಚೂರು ನೀರು ಕುಡಿದು ಅಂಟಾಗುವುದಿಲ್ಲ. 35ರಿಂದ 38 ಸೆಕೆಂಡ್ ಇರಲಿ. ಕುಡಿಯುವ ನೀರಿನ ಬೋರ್ ಆದರೆ ಪೊಟ್ಯಾಸಿಯಂ ಕ್ಲೋರೈಡ್ ಉಪ್ಪಿಗೆ ಹೋಗಬೇಡಿ.

ರಿಗ್_ತುಮಕೂರು, ಶನಿವಾರ ರಾತ್ರಿ

ಮೂರು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಪಂಪ್ ಬಿಚ್ಚಿದರೆ ಒಂದು ಪಿಸ್ಟನ್ ರಬ್ಬರ್ ಅರ್ಧ ಹರಿದಿತ್ತು, ಎರಡು ವಾಲ್ವ್ ಸೀಟಿನಲ್ಲಿ ಗುಳಿ. ಬದಲಾಯಿಸಿದೆ. ಈಗ ಟ್ಯಾಂಕ್ 65 ಸೆಕೆಂಡ್‌ನಲ್ಲಿ ತುಂಬುತ್ತದೆ, 923 ಲೀಟರ್. ಮೂರು 14 ಹಾಕಿದೆ. ಗೇಜ್ 26ರಲ್ಲಿ ನಿಂತಿದೆ. ನೀವು ಹೇಳಿದ ಅಂಕೆಯೇ ಬಂದಾಗ ನಮ್ಮ ಹುಡುಗರೆಲ್ಲ ಗೇಜ್ ಸುತ್ತ ನಿಂತು ನೋಡಿದರು.

ಲೆಕ್ಕ ನಾನೇ ಹಾಕಿದೆ. ವೇಗ 53 ಮೀಟರ್, ಬಿಟ್‌ಗೆ ಸುಮಾರು 35 ಕುದುರೆಶಕ್ತಿ. ಚದರ ಇಂಚಿಗೆ 0.45, ಮೊದಲಿನ ಒಂಬತ್ತು ಪಟ್ಟು. ಇಂಜಿನ್ ಅದೇ, ಪಂಪ್ ಅದೇ. ಭಾರ ಅರ್ಧ ಇಳಿಸಿ, ತಿರುಗುವುದನ್ನು ನಿಮಿಷಕ್ಕೆ 60 ಸುತ್ತಿನಿಂದ 100ಕ್ಕೆ ಏರಿಸಿದೆ. ಮಡ್ 37 ಸೆಕೆಂಡ್.

ಅದೇ ಬೂದು ಜೇಡಿಯಲ್ಲಿ ರಾಡ್‌ಗೆ 25 ನಿಮಿಷ. ಚೂರು ಬೆರಳುಗುರಿನಷ್ಟು ಚಪ್ಪಟೆಯಾಗಿ, ಅಂಚು ಮಾಸದೆ ಮೇಲೆ ಬರುತ್ತಿದೆ. ಮೊದಲು ಬರೀ ಗಂಜಿ ಬರುತ್ತಿತ್ತು. 71 ಮೀಟರ್‌ಗೆ ಜೇಡಿ ಮುಗಿದು ಮರಳು ಸಿಕ್ಕಿತು. ಬಿಟ್ ಎತ್ತಿ ನೋಡಿದೆ, ಕೋನ್ ಕೈಯಲ್ಲಿ ತಿರುಗುತ್ತದೆ. ಮಧ್ಯದಲ್ಲಿ ನಿಂಬೆಹಣ್ಣಿನಷ್ಟು ಮಣ್ಣು ಇತ್ತು, ಅಷ್ಟೇ.

ಹೊಸ ತೊಂದರೆ ಒಂದಿದೆ. ಮರಳಿನಲ್ಲಿ ಒಂದು ರಾಡ್ ಇಳಿಸಿ ಹತ್ತು ನಿಮಿಷ ಅಲ್ಲೇ ತೊಳೆದೆ. ಮೂರು ಮೀಟರ್ ಬೋರ್‌ನಿಂದ ಬರಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಮರಳು ಗುಂಡಿಗೆ ಬಂದು ಬಿತ್ತು.

ಹಳೇ_ಡ್ರಿಲ್ಲರ್, ಭಾನುವಾರ ಬೆಳಿಗ್ಗೆ

ಓದಿ ತುಂಬಾ ಸಂತೋಷವಾಯಿತು. ಮರಳಿನದು ಹೊಸ ತೊಂದರೆ ಅಲ್ಲ, ಅದೇ ಜೆಟ್‌ನ ಇನ್ನೊಂದು ಮುಖ. ಜೇಡಿ ಕೀಳುವ ವೇಗ ಸಡಿಲ ಮರಳಿನಲ್ಲಿ ಗುಹೆ ತೋಡುತ್ತದೆ. ಮರಳಿನಲ್ಲಿ ಒಂದೇ ಕಡೆ ನಿಂತು ತೊಳೆಯಬೇಡಿ, ಬಿಟ್ ಚಲಿಸುತ್ತಿರಲಿ. ಇನ್ನು ಬರೀ ಮರಳೇ ಅನ್ನುವುದಾದರೆ ದೊಡ್ಡ ನಾಝಲ್ ವಾಪಸ್ ಹಾಕಿ. ಲೀಟರ್ ಅಷ್ಟೇ ಇರುತ್ತದೆ, ಮರಳು ಮೇಲೆ ಬರುತ್ತದೆ, ಹೊಡೆತ ಮಾತ್ರ ಕಮ್ಮಿ. ಮುಂದಿನ ಬೋರ್ ಶುರುಮಾಡುವಾಗಲೂ ಹಾಗೇ, ಮೇಲಿನ ಕೇಸಿಂಗ್ ಬುಡ ದಾಟುವವರೆಗೆ ಪಂಪ್ ನಿಧಾನ. ಇಲ್ಲದಿದ್ದರೆ ಕೇಸಿಂಗ್ ಕೆಳಗಿನ ಮಣ್ಣೇ ಕೊಚ್ಚಿಹೋಗುತ್ತದೆ. ಈಗ ಆಗಿರುವ ಗುಹೆಗೆ, ಕೇಸಿಂಗ್ ಸುತ್ತ ತುಂಬುವ ಜಲ್ಲಿ ಲೆಕ್ಕಕ್ಕಿಂತ ಜಾಸ್ತಿ ಹಿಡಿಯುತ್ತದೆ, ತರಿಸಿಟ್ಟುಕೊಳ್ಳಿ.

ರಿಗ್_ತುಮಕೂರು, ಭಾನುವಾರ ಸಂಜೆ

20ರ ನಾಝಲ್ ಮೂರನ್ನೂ ಹೊಸ ಓ ರಿಂಗ್ ಜೊತೆ ಹಾಕಿ ಇಳಿಸಿದೆ. ಗೇಜ್ 13. ಮರಳು ಈಗ ಲೆಕ್ಕದಷ್ಟೇ ಬರುತ್ತಿದೆ. 14ರ ಮೂರನ್ನು ಗ್ರೀಸ್ ಹಚ್ಚಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಜಲ್ಲಿ ಇನ್ನೊಂದು ಟ್ರ್ಯಾಕ್ಟರ್ ಲೋಡ್ ಹೇಳಿದೆ, ನಾಳೆ ಕೇಸಿಂಗ್.