ಮಳೆಗಾಲದಲ್ಲಿ ಮನಸ್ಸು ಕುಸಿಯದ ಹಾಗೆ ದಿನಚರಿ: ಬಳಗದ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ನಮಸ್ತೆ ಮೇಡಂ. ಎರಡು ಎಕರೆ ಅಡಿಕೆ ತೋಟ, ನಾಲ್ಕು ಜಾನುವಾರು, ಹಾಸಿಗೆ ಹಿಡಿದ ಅತ್ತೆ. ಹೋದ ವರ್ಷ ಅಡಿಕೆಗೆ ಕೊಳೆ ರೋಗ, ಈ ವರ್ಷ ಎಲೆಚುಕ್ಕೆ ರೋಗ. ಆರಿದ್ರಾ ಮಳೆ ಹಿಡಿದ ಮೇಲೆ ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ. ತೋಟ, ಸೊಸೈಟಿ ಸಾಲ, ಮಗನ ಫೀಸು ಎಲ್ಲ ಒಟ್ಟಿಗೆ ತಲೆಗೆ ಬರುತ್ತೆ. ಬೆಳಿಗ್ಗೆ ಮೈ ಭಾರ, ಸಣ್ಣದಕ್ಕೂ ಸಿಡುಕು. ದಿನಕ್ಕೆ ಐದು ಲೋಟ ಕಾಫಿ ಆಗ್ತಿದೆ. ಎಲ್ಲರೂ ‘ಧೈರ್ಯ ತಗೋ’ ಅಂತಾರೆ, ಹೇಗೆ ತಗೊಳ್ಳೋದು ಅಂತ ಯಾರೂ ಹೇಳಲ್ಲ. ದಿನಾ ಏನು ಮಾಡಿದ್ರೆ ಮನಸ್ಸು ಗಟ್ಟಿ ಆಗುತ್ತೆ? ಯೋಗ, ವಾಕಿಂಗ್ ಅಂದ್ರೆ ಟೈಮೂ ಇಲ್ಲ, ಮಳೆಯಲ್ಲಿ ಜಾಗವೂ ಇಲ್ಲ.

ಉತ್ತರ (ಮನಶ್ಶಾಸ್ತ್ರಜ್ಞೆ, ಶಿವಮೊಗ್ಗ): ನಮಸ್ತೆ ಅಕ್ಕ. ನಿಮಗೆ ವ್ಯಾಯಾಮ ಹೇಳೋದಿಲ್ಲ. ಕೊಟ್ಟಿಗೆ, ತೋಟ, ಹಾಸಿಗೆ ಹಿಡಿದವರ ಸೇವೆ ಇರುವವರ ಮೈಗೆ ಬೇಕಾದಷ್ಟು ಕೆಲಸ ಆಗಿರುತ್ತದೆ. ಮೊದಲು ಸರಿಮಾಡಬೇಕಾದ್ದು ನಿದ್ದೆ. ನಿದ್ದೆಗೆಟ್ಟ ಮನಸ್ಸಿಗೆ ಸಣ್ಣ ತೊಂದರೆಯೂ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಸಿಡುಕಿನಲ್ಲಿ ಅದರ ಪಾಲು ದೊಡ್ಡದು.

ಮಲಗುವ ಹೊತ್ತನ್ನು ನಾವು ಹಿಡಿತದಲ್ಲಿಡಲು ಆಗುವುದಿಲ್ಲ, ಏಳುವ ಹೊತ್ತನ್ನು ಇಡಬಹುದು. ಒಂದು ಸಮಯ ನಿಗದಿ ಮಾಡಿ, ರಾತ್ರಿ ಎಷ್ಟೇ ಕೆಟ್ಟಿದ್ದರೂ ಅದೇ ಹೊತ್ತಿಗೆ ಏಳಿ. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ, ಬೆಳಕು ಹರಿದ ತಕ್ಷಣ, ಜಗಲಿಯ ಅಂಚಿಗೆ ಬಂದು ಇಪ್ಪತ್ತು ನಿಮಿಷ ಇರಿ. ಸುಮ್ಮನೆ ಕೂರಬೇಕಿಲ್ಲ, ಸೊಪ್ಪು ಸೋಸಿ, ತರಕಾರಿ ಹೆಚ್ಚಿ. ಮಳೆಗಾಲದ ಮನೆಯೊಳಗೆ ಬಲ್ಬಿನ ಬೆಳಕು ನೂರಿನ್ನೂರು ಲಕ್ಸ್ (ಬೆಳಕಿನ ಅಳತೆ) ಇದ್ದರೆ ಹೆಚ್ಚು. ಮೋಡ ಕವಿದಿದ್ದರೂ ಹೊರಗೆ ಸಾಮಾನ್ಯವಾಗಿ ಸಾವಿರ ಲಕ್ಸ್ ದಾಟುತ್ತದೆ. ಮೈಯೊಳಗಿನ ಗಡಿಯಾರ ಸರಿಹೋಗುವುದು ಆ ಬೆಳಕಿನಿಂದ. ನಮ್ಮ ಮಲೆನಾಡಿನ ಹಳೇ ಮನೆಗಳ ಒಳಕೋಣೆಗಳಲ್ಲಿ ಹಗಲೂ ಕತ್ತಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರೊಳಗೇ ದಿನ ಕಳೆದರೆ ಮಂಕು ಹಿಡಿಯುವುದು ಸಹಜ.

ಮೂರಕ್ಕೆ ಎಚ್ಚರವಾದರೆ ಗಡಿಯಾರ ನೋಡಬೇಡಿ. ಇಪ್ಪತ್ತು ನಿಮಿಷ ಆಗಿರಬಹುದು ಅನ್ನಿಸಿದರೆ ಹಾಸಿಗೆ ಬಿಟ್ಟೇಳಿ. ಹಾಸಿಗೆಯಲ್ಲೇ ಹೊರಳುತ್ತಾ ಚಿಂತಿಸಿದರೆ, ವಾರಗಟ್ಟಲೆ ಹಾಗೇ ಆದಾಗ, ಹಾಸಿಗೆ ಕಂಡರೆ ಮನಸ್ಸು ಎಚ್ಚರಗೊಳ್ಳುವುದನ್ನು ಕಲಿತುಬಿಡುತ್ತದೆ. ಬೇರೆ ಕಡೆ ಸಣ್ಣ ದೀಪ ಹಚ್ಚಿ ಕೈಗೆ ಕೆಲಸ ಇರುವ, ತಲೆಗೆ ಕೆಲಸ ಇಲ್ಲದ್ದೇನಾದರೂ ಮಾಡಿ. ಹೂಬತ್ತಿ ಮಾಡುವುದು ಇದಕ್ಕೆ ಹೇಳಿ ಮಾಡಿಸಿದ್ದು: ಹತ್ತಿ ಬಿಡಿಸಿ, ತುದಿಯನ್ನು ಬೆರಳಲ್ಲಿ ಹೊಸೆದು, ಒಂದೊಂದಾಗಿ ಡಬ್ಬಿಗೆ ಹಾಕುವುದು. ಮೊಬೈಲ್ ಬೇಡ. ಕಣ್ಣು ಎಳೆದಾಗ ಹೋಗಿ ಮಲಗಿ, ಅದಕ್ಕೂ ಮೊದಲು ಬೇಡ. ಮೊದಲ ವಾರ ಹತ್ತು ದಿನ ಆಯಾಸ ಇನ್ನೂ ಜಾಸ್ತಿ ಅನ್ನಿಸುತ್ತದೆ. ಹೆಚ್ಚಿನವರು ‘ಇದರಿಂದ ಉಪಯೋಗವಿಲ್ಲ’ ಅಂತ ಬಿಡುವುದು ಅಲ್ಲೇ. ಆ ದಿನಗಳಲ್ಲಿ ತಡೆಯದಿದ್ದರೆ ಮಧ್ಯಾಹ್ನ ಮೂರರೊಳಗೆ ಇಪ್ಪತ್ತು ನಿಮಿಷ ಅಡ್ಡಾಗಿ, ಅಲಾರಾಂ ಇಟ್ಟುಕೊಂಡು.

ಕಾಫಿ: ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆ ಬಿಟ್ಟೂ ಮೈಯಲ್ಲಿರುತ್ತದೆ. ಕೊನೆಯ ಲೋಟ ಮಧ್ಯಾಹ್ನ ಎರಡರೊಳಗೆ ಆಗಲಿ. ಐದರಿಂದ ಒಮ್ಮೆಲೇ ಒಂದಕ್ಕೆ ಇಳಿಸಿದರೆ ತಲೆನೋವು ಬರುತ್ತದೆ, ಮೂರು ದಿನಕ್ಕೊಂದು ಲೋಟದಂತೆ ಇಳಿಸಿ. ಸಂಜೆಗೆ ಕೊತ್ತಂಬರಿ ಜೀರಿಗೆ ಕಷಾಯ ಇದ್ದೇ ಇದೆ.

ಇನ್ನು ಚಿಂತೆ. ಚಿಂತಿಸಬೇಡಿ ಅಂದರೆ ಯಾರ ಕೈಯಲ್ಲೂ ಆಗದು. ಅದಕ್ಕೊಂದು ಹೊತ್ತು ಕೊಡಿ. ಸಂಜೆ ಹಾಲು ಕರೆಯುವ ಮುಂಚೆ ಹದಿನೈದು ನಿಮಿಷ, ಒಂದು ನೋಟ್‌ಬುಕ್, ಪುಟದ ನಡುವೆ ಗೆರೆ. ಎಡಕ್ಕೆ ನನ್ನ ಕೈಯಲ್ಲಿರುವುದು, ಬಲಕ್ಕೆ ಇಲ್ಲದ್ದು. ‘ಕೊಳೆ ಬಂದರೆ?’ ಅಂತ ಬರೆದರೆ ಅದು ಚಿಂತೆಯಾಗಿಯೇ ಉಳಿಯುತ್ತದೆ. ಬಿಡಿಸಿ ಬರೆಯಿರಿ. ಪುಷ್ಯ ಮಳೆ ಎಷ್ಟು ಸುರಿಯುತ್ತದೆ ಅನ್ನುವುದು ಬಲಕ್ಕೆ. ಕೊಳೆಗೆ ಮೊದಲ ಔಷಧಿ ಹೊಡೆದು 40–45 ದಿನಕ್ಕೆ ಎರಡನೆಯದು ಆಗಬೇಕು ಅನ್ನುವುದು ಎಡಕ್ಕೆ. ಅದರ ಕೆಳಗೆ ಮುಂದಿನ ಒಂದೇ ಕೆಲಸ, ವಾರದ ಹೆಸರಿನ ಜೊತೆ: ‘ಸೋಮವಾರ: ಔಷಧಿಗೆ ಬೇಕಾದ ಮೈಲುತುತ್ತ, ಸುಣ್ಣ ಎಷ್ಟಿದೆ ನೋಡುವುದು. 100 ಲೀಟರ್ ನೀರಿಗೆ ಒಂದೊಂದು ಕೆಜಿ. ಮಂಗಳವಾರ: ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಫೋನ್.’ ಸಾಲಕ್ಕೂ ಹೀಗೆಯೇ: ‘ಗುರುವಾರ ಸೊಸೈಟಿಗೆ ಹೋಗಿ ಕಂತಿನ ಕೊನೆಯ ದಿನ ಕೇಳುವುದು.’ ಹೊತ್ತು ಮುಗಿದ ಮೇಲೆ ಪುಸ್ತಕ ಮುಚ್ಚಿ. ರಾತ್ರಿ ಚಿಂತೆ ಬಂದರೆ ಒಂದು ಪದ ಗೀಚಿಟ್ಟು ನಾಳೆ ಸಂಜೆಗೆ ಬಿಡಿ. ಇಲ್ಲಿ ಆಗುವ ತಪ್ಪು ಎರಡು: ಹಾಸಿಗೆಯಲ್ಲಿ ಕೂತು ಬರೆಯುವುದು, ಹದಿನೈದನ್ನು ಒಂದು ಗಂಟೆಗೆ ಎಳೆಯುವುದು.

ನೀವು ಬರೆದಿದ್ದರಲ್ಲಿ ನಿಮಗಾಗಿ ಅನ್ನುವುದು ಒಂದೂ ಕಾಣಲಿಲ್ಲ. ದಿನಕ್ಕೆ ಹತ್ತು ನಿಮಿಷ, ಕೆಲಸವಲ್ಲದ್ದೊಂದು ಇರಲಿ. ಅಕ್ಕತಂಗಿಯರ ಹತ್ತಿರ ಫೋನಿನಲ್ಲಿ ಮಾತಾಡಿ, ನೆಟ್‌ವರ್ಕ್ ಇಲ್ಲದ ದಿನ ಪಕ್ಕದ ಮನೆಗೆ ಕೊಡೆ ಹಿಡಿದು ಹೋಗಿ ಬನ್ನಿ. ಇದನ್ನು ಔಷಧಿಯಷ್ಟೇ ಗಂಭೀರವಾಗಿ ತಗೊಳ್ಳಿ.

ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಡಿ. ಈ ವಾರ ಏಳುವ ಹೊತ್ತು ಮತ್ತು ಜಗಲಿ ಮಾತ್ರ. ಅದನ್ನು ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ಗಂಟುಹಾಕಿ: ಬಚ್ಚಲ ಒಲೆಗೆ ಬೆಂಕಿ ಹಾಕಿದ್ದೇ ಜಗಲಿಗೆ. ತೀರಾ ಕೆಟ್ಟ ದಿನಕ್ಕೂ ಒಂದು ಅಳತೆ ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷ ಆಗದಿದ್ದರೆ ಎರಡು ನಿಮಿಷ, ಸೊನ್ನೆ ಮಾತ್ರ ಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯಲು ಹಿಡಿದದ್ದು 18ರಿಂದ 254 ದಿನ, ನಡುವಿನ ಅಂಕಿ 66. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಿರಲಿಲ್ಲ. 21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತನ್ನು ನಂಬಿ 22ನೇ ದಿನ ಬೇಸರಪಡಬೇಡಿ.

ಪ್ರಶ್ನೆ (ಸಾಗರ): ಮೇಡಂ, ಗಾಬರಿ ಆದಾಗ ದೀರ್ಘ ಉಸಿರು ತಗೊಳ್ಳಿ ಅಂತಾರೆ. ನಾನು ಮಾಡಿದ್ರೆ ತಲೆ ತಿರುಗಿ ಬೆರಳು ಜುಮ್ ಅನ್ನುತ್ತೆ.

ಉತ್ತರ: ಗಾಳಿ ಜಾಸ್ತಿ ಎಳೆದು ಜೋರಾಗಿ ಬಿಡುತ್ತಿದ್ದೀರಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಾಗ ಹಾಗಾಗುತ್ತದೆ. ಉಸಿರು ದೊಡ್ಡದಾಗುವುದು ಬೇಡ, ನಿಧಾನವಾದರೆ ಸಾಕು. ಹೊಟ್ಟೆಯ ಮೇಲೆ ಕೈಯಿಟ್ಟು ಮೂಗಿನಲ್ಲೇ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಕೈ ಮೆಲ್ಲಗೆ ಏಳಬೇಕು, ಹೆಗಲು ಏಳಬಾರದು. ಗಾಬರಿ ಇಲ್ಲದ ಹೊತ್ತಿನಲ್ಲೇ ದಿನಾ ಅಭ್ಯಾಸ ಮಾಡಿ, ಹೊಳೆಗೆ ಬಿದ್ದ ಮೇಲೆ ಈಜು ಕಲಿಯಲಾಗುವುದಿಲ್ಲ. ನಿಧಾನವಾಗಿ ಮಾಡಿದರೂ ತಲೆ ತಿರುಗಿದರೆ ಬಿಪಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಪ್ರಶ್ನೆ (ಹೊಸನಗರ): ನಮ್ಮ ಅಣ್ಣ ನಿದ್ದೆ ಬರಲಿ ಅಂತ ದಿನಾ ರಾತ್ರಿ ಕ್ವಾರ್ಟರ್ ಹಾಕ್ತಾನೆ. ಎಷ್ಟೋ ವರ್ಷ ಆಯ್ತು. ನಾಳೆಯಿಂದ ಬಿಡಿಸಿಬಿಡೋಣ ಅಂತಿದ್ದೇವೆ.

ಉತ್ತರ: ಹಾಗೆ ಒಮ್ಮೆಲೇ ಬಿಡಿಸಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್, ಆಮೇಲೆ ಒಂದೆರಡು ದಿನದಲ್ಲಿ ಭ್ರಮೆಯೂ ಬರಬಹುದು, ಅದು ಜೀವಕ್ಕೆ ಅಪಾಯ. ಮೊದಲು ವೈದ್ಯರಿಗೆ ತೋರಿಸಿ, ಮಾತ್ರೆಯ ಆಸರೆಯಲ್ಲಿ ಬಿಡಿಸುತ್ತಾರೆ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ ನಿಜ, ಆದರೆ ರಾತ್ರಿಯ ದ್ವಿತೀಯಾರ್ಧದ ನಿದ್ದೆಯನ್ನು ಒಡೆಯುತ್ತದೆ. ಇದನ್ನು ಅವರಿಗೆ ಬೈಯದೆ, ಬೆಳಗಿನ ಹೊತ್ತು ಹೇಳಿ.

ಪ್ರಶ್ನೆ (ಕೊಪ್ಪ): ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಉತ್ತರ: ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ನಿದ್ದೆ ಕೆಟ್ಟಿದೆ, ‘ನನ್ನಿಂದ ಎಲ್ಲರಿಗೂ ಹೊರೆ’ ಅನ್ನಿಸುತ್ತಿದೆ ಅಂದರೆ ಹೋಗಿ. ಇದು ಕಾಯಿಲೆ, ಚಿಕಿತ್ಸೆ ಇದೆ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅದೇ ದಿನ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರು ‘ಸಾಯಬೇಕು ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕ ಬಚ್ಚಲ ಮೂಲೆಯಲ್ಲೋ ಅಟ್ಟದಲ್ಲೋ ಇರುತ್ತದೆ. ಇವತ್ತೇ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಕೀಲಿಕೈಯನ್ನು ಇನ್ನೊಬ್ಬರ ಹತ್ತಿರ ಕೊಡಿ. ಆ ಕ್ಷಣ ದಾಟಿದರೆ ಎಷ್ಟೋ ಜನ ಉಳಿಯುತ್ತಾರೆ.

ಪ್ರಶ್ನೆ (ತೀರ್ಥಹಳ್ಳಿ, ಮೊದಲು ಕೇಳಿದವರು): ತುಂಬಾ ಉಪಕಾರ ಮೇಡಂ. ಏಳೋದು ಐದಕ್ಕೋ ಐದೂವರೆಗೋ?

ಉತ್ತರ: ಅತ್ತೆಗೆ ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ ನೋಡಿ. ಎರಡು ಸಲಕ್ಕಿಂತ ಹೆಚ್ಚಾದರೆ ಐದೂವರೆ. ಹಬ್ಬದ ಮರುದಿನವೂ ಏಳಲು ಆಗುವಂಥ ಹೊತ್ತಾಗಿರಲಿ. ಒಂದು ವಾರ ಮಾಡಿ, ಎಷ್ಟು ದಿನ ಜಗಲಿಗೆ ಬಂದಿರಿ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಲ್ಲೇ ಬರೆಯಿರಿ. ಕಾಫಿಯ ಲೆಕ್ಕವನ್ನು ಆಮೇಲೆ ನೋಡೋಣ.