ಆರು ಏರ್‌ಬ್ಯಾಗ್ ಇದ್ದರೂ ಮಗುವಿಗೆ ಬೇರೆ ಸೀಟ್ ಬೇಕಾ?

ಹೊಸ_ಅಪ್ಪ:
ಮಗುವಿಗೆ ಒಂಬತ್ತು ತಿಂಗಳು, ತೂಕ 9 ಕೆಜಿ. ಕಾರಿನಲ್ಲಿ ಆರು ಏರ್‌ಬ್ಯಾಗ್ ಇವೆ. ಹೆಂಡತಿ ಮುಂದೆ ಕೂತು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಇಬ್ಬರಿಗೂ ಸೇರಿಸಿ ಬೆಲ್ಟ್ ಹಾಕಿಕೊಂಡರೆ ಸಾಕು ಅಂತಾರೆ ಮನೆಯವರು. ಇಲ್ಲದಿದ್ದರೆ ಚೈಲ್ಡ್ ಸೀಟನ್ನೇ ಮುಂದೆ ಕಟ್ಟಿದರೆ ಕಣ್ಣೆದುರಿಗೆ ಇರುತ್ತದೆ ಅಲ್ವಾ?

ಗೇರ್_ಗುಂಡಣ್ಣ:
ಎರಡೂ ಬೇಡ. ಏರ್‌ಬ್ಯಾಗ್ ಮೆತ್ತಗೆ ಉಬ್ಬುತ್ತದೆ ಅಂದುಕೊಂಡಿದ್ದೀರಿ. ಡಿಕ್ಕಿ ಆಯಿತು ಅಂತ ಸೆನ್ಸರ್‌ಗೆ ಗೊತ್ತಾದ ಮೇಲೆ ಸುಮಾರು 30 ಮಿಲಿಸೆಕೆಂಡಿನಲ್ಲಿ, ಅಂದರೆ ಕಣ್ಣು ಮಿಟುಕಿಸುವಷ್ಟರೊಳಗೆ, ಅದು ಗ್ಯಾಸ್ ತುಂಬಿಕೊಂಡು ಹೊರಗೆ ಚಿಮ್ಮುತ್ತದೆ. ದೊಡ್ಡವರು ಬೆಲ್ಟ್ ಹಾಕಿ ಸಾಕಷ್ಟು ಹಿಂದೆ ಕೂತಿದ್ದರೆ ಅವರ ತಲೆ ಬಂದು ತಾಗುವ ಹೊತ್ತಿಗೆ ಬ್ಯಾಗ್ ತುಂಬಿರುತ್ತದೆ, ಆಮೇಲೆ ತೂತುಗಳಿಂದ ಗ್ಯಾಸ್ ಬಿಡುತ್ತಾ ಕುಗ್ಗುತ್ತದೆ. ಹೊಡೆತ ತಗ್ಗುವುದು ಆ ಕುಗ್ಗುವಿಕೆಯಿಂದ. ಹಿಂಮುಖ ಸೀಟನ್ನು, ಅಂದರೆ ಮಗು ಕಾರಿನ ಹಿಂಬದಿಗೆ ಮುಖ ಮಾಡಿ ಕೂರುವ ಚೈಲ್ಡ್ ಸೀಟನ್ನು, ಮುಂದೆ ಕಟ್ಟಿದರೆ ಅದರ ಬೆನ್ನು ಡ್ಯಾಶ್‌ಬೋರ್ಡ್ ಹತ್ತಿರವೇ ಇರುತ್ತದೆ. ಇನ್ನೂ ಉಬ್ಬುತ್ತಿರುವ ಬ್ಯಾಗ್ ಮಗುವಿನ ತಲೆಯ ಹಿಂದೆಯೇ ಆ ಬೆನ್ನಿಗೆ ನೇರವಾಗಿ ಗುದ್ದುತ್ತದೆ. ಸನ್‌ವೈಸರ್ ಮೇಲೆ ಎಚ್ಚರಿಕೆ ಚಿತ್ರ ಅಂಟಿಸಿರುವುದು ಸುಮ್ನೆ ಅಲ್ಲ.

ಲೆಕ್ಕದ_ಮೇಡಂ:
ಮಡಿಲಿನ ಲೆಕ್ಕ ನಾನು ಹೇಳುತ್ತೇನೆ. ಗಂಟೆಗೆ 50 ಕಿ.ಮೀ. ವೇಗದ ಕಾರು 0.1 ಸೆಕೆಂಡಿನಲ್ಲಿ ನಿಂತರೆ, 9 ಕೆಜಿ ಮಗುವನ್ನು ಹಿಡಿದುಕೊಳ್ಳಲು ಸುಮಾರು 125 ಕೆಜಿ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ಕೈಯೂ ಅದನ್ನು ತಡೆಯಲ್ಲ. ಒಂದೇ ಬೆಲ್ಟ್ ಇಬ್ಬರಿಗೂ ಹಾಕುವುದು ಇನ್ನೂ ಕೆಟ್ಟದ್ದು, ಹಿಂದಿನಿಂದ ಅಮ್ಮನ ಭಾರವೆಲ್ಲ ಮಗುವಿನ ಮೇಲೆ ಬಿದ್ದು ಬೆಲ್ಟಿಗೆ ಒತ್ತಿಬಿಡುತ್ತದೆ.

ಹೊಸ_ಅಪ್ಪ:
ಅಯ್ಯೋ, ಇಷ್ಟು ಯೋಚಿಸಿರಲಿಲ್ಲ. ಹಿಂದಿನ ಸೀಟಿನಲ್ಲೇ ಕಟ್ಟುತ್ತೇನೆ. ಆದರೆ ಅಲ್ಲಿಯೂ ಮಗು ಹಿಂದಕ್ಕೇ ಮುಖ ಮಾಡಬೇಕಾ?

ಗೇರ್_ಗುಂಡಣ್ಣ:
ಹೌದು. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದಪ್ಪ, ಕುತ್ತಿಗೆ ಮೆತ್ತಗೆ. ಮುಂದಿನಿಂದ ಡಿಕ್ಕಿಯಾದಾಗ ಹಿಂಮುಖ ಸೀಟು ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಒಟ್ಟಿಗೆ ತಡೆಯುತ್ತದೆ. ಚೈಲ್ಡ್ ಸೀಟುಗಳಿಗಿರುವ ವಿಶ್ವಸಂಸ್ಥೆಯ ಸುರಕ್ಷತಾ ನಿಯಮ ಆರ್129ರ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಹಿಂಮುಖ. ಆಮೇಲೂ ಸೀಟಿನ ಎತ್ತರ-ತೂಕದ ಮಿತಿ ಮುಗಿಯುವವರೆಗೆ ತಿರುಗಿಸಬೇಡಿ, ಕಾಲು ಮಡಚಿಕೊಂಡರೆ ಪರವಾಗಿಲ್ಲ.

ಲೆಕ್ಕದ_ಮೇಡಂ:
ದಪ್ಪ ಜಾಕೆಟ್ ತೆಗೆದೇ ಪಟ್ಟಿ ಬಿಗಿಯಿರಿ. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ನೋಡಿ, ಮಡಿಕೆ ಸಿಕ್ಕಿತೆಂದರೆ ಇನ್ನೂ ಸಡಿಲ ಇದೆ.